ಫೋರ್ಟ್ ಕೊಚ್ಚಿಯ ಹಳೇ ಮನೆಯಲ್ಲಿ ಉಳಿಯಬೇಕಾ? ರೂಮ್ ಬುಕ್ ಮಾಡುವ ಮೊದಲು ಇಷ್ಟು ತಿಳಿದಿರಲಿ

ರಜೆ ಬಂತು ಅಂದ್ರೆ ಕರಾವಳಿಯ ಮನೆಗಳಲ್ಲಿ ಕೊಚ್ಚಿ ಪ್ರವಾಸದ ಮಾತು ಶುರುವಾಗುತ್ತದೆ. ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಎರ್ನಾಕುಳಂ. ಹೆಚ್ಚಿನವರು ರೈಲ್ವೆ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಉಳಿದು, ಒಂದು ಮಧ್ಯಾಹ್ನ ಫೋರ್ಟ್ ಕೊಚ್ಚಿ ಸುತ್ತಿ, ಚೀನಾ ಬಲೆಯ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಆದರೆ ಅದೇ ಫೋರ್ಟ್ ಕೊಚ್ಚಿಯ ಗಲ್ಲಿಗಳಲ್ಲಿ ನೂರಾರು ವರ್ಷ ಹಳೆಯ ಮನೆಗಳಿವೆ. ಅವುಗಳಲ್ಲಿ ಹಲವು ಈಗ 'ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್', ಅಂದರೆ ರಾತ್ರಿ ಮಲಗಲು ರೂಮು, ಬೆಳಿಗ್ಗೆ ತಿಂಡಿ ಕೊಡುವ ಮನೆಗಳು. ಅಲ್ಲಿ ಉಳಿಯುವುದು ಚಂದವೇ. ಆದರೆ ಲಾಡ್ಜ್ ಅಂದುಕೊಂಡು ಹೋದರೆ ಬೇಸರವಾಗುತ್ತದೆ. ಹೋಗುವವರಿಗೆ ಬೇಕಾದ ಮಾಹಿತಿ ಇಲ್ಲಿದೆ. ಊರಿನಲ್ಲಿ ಹಳೇ ಮನೆ ಇಟ್ಟುಕೊಂಡವರೂ ಅಂಗಡಿ ನಡೆಸುವವರೂ ಕೊನೆಯ ಭಾಗವನ್ನು ಓದಬೇಕು.

ಇದು ಲಾಡ್ಜ್ ಅಲ್ಲ, ಮನೆ

ಲಾಡ್ಜಿನಲ್ಲಿ ಕೌಂಟರ್ ಇರುತ್ತದೆ, ರೂಮ್ ಬಾಯ್ ಇರುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆರೆದಿರುತ್ತದೆ. ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್‌ನಲ್ಲಿ ಮನೆಯವರೇ ಬಾಗಿಲು ತೆಗೆಯುವುದು, ಮನೆಯವರೇ ತಿಂಡಿ ಬಡಿಸುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಇಂಥ ಮನೆಗೆ 1ರಿಂದ 6 ರೂಮಿನ ಮಿತಿ ಇದೆ. ಮಾಲೀಕರು ಅಥವಾ ಅವರ ಕುಟುಂಬದವರು ಅದೇ ಮನೆಯಲ್ಲಿ ವಾಸ ಇರಬೇಕು. ಈ ಯೋಜನೆಯಲ್ಲಿ ಗೋಲ್ಡ್, ಸಿಲ್ವರ್ ಎಂದು 2 ದರ್ಜೆ. ಕೇರಳ ಪ್ರವಾಸೋದ್ಯಮ ಇಲಾಖೆ ತನ್ನ ಹೋಂಸ್ಟೇಗಳಿಗೆ ಡೈಮಂಡ್, ಗೋಲ್ಡ್, ಸಿಲ್ವರ್ ಎಂದು 3 ದರ್ಜೆ ಮಾಡಿದೆ.

ಬೋರ್ಡಿನಲ್ಲಿ 'ಹೆರಿಟೇಜ್' ಅಂತ ಬರೆದ ಮಾತ್ರಕ್ಕೆ ಅದು ಸರ್ಕಾರದ ದರ್ಜೆ ಪಡೆದ ಮನೆ ಅಂತಲ್ಲ. ಆ ಪದವನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಇಲಾಖೆಯ ಪ್ರಮಾಣಪತ್ರ ಇದೆಯಾ, ಯಾವ ದರ್ಜೆ, ಅವಧಿ ಮುಗಿದಿಲ್ಲವಾ ಅಂತ ಫೋನಿನಲ್ಲೇ ಕೇಳಬಹುದು. ಇದ್ದವರು ಪ್ರತಿಯ ಫೋಟೊ ಕಳುಹಿಸಲು ಹಿಂಜರಿಯುವುದಿಲ್ಲ.

ಮನೆಗಳು ಎಷ್ಟು ಹಳೆಯವು?

1341ರಲ್ಲಿ ಪೆರಿಯಾರ್ ನದಿಗೆ ಬಂದ ಭಾರಿ ನೆರೆಯಿಂದ ಕೊಡುಂಗಲ್ಲೂರಿನ ಹಳೇ ಬಂದರು ಹಾಳಾಗಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಮಾತು. 1503ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿನ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ. ಅವಶೇಷವನ್ನು ಆಮೇಲೆ ಲಿಸ್ಬನ್‌ಗೆ ಒಯ್ದರು.

1663ರಲ್ಲಿ ಡಚ್ಚರು ಊರನ್ನು ಹಿಡಿದು, ಕೋಟೆಯನ್ನು ಚಿಕ್ಕದು ಮಾಡಿ, ಪೋರ್ಚುಗೀಸರ ಕಟ್ಟಡಗಳಲ್ಲಿ ಬಹುಪಾಲನ್ನು ಕೆಡವಿದರು. 1795ರಲ್ಲಿ ಬ್ರಿಟಿಷರು ಬಂದರು. 1889ರ ಜನವರಿಯಲ್ಲಿ ದೊಡ್ಡ ಬೆಂಕಿ ಬಿದ್ದು ದಂಡೆಯ ಗೋದಾಮುಗಳೂ ಹಲವು ಮನೆಗಳೂ ಸುಟ್ಟುಹೋದವು. ಹಾಗಾಗಿ ಈಗ ನಿಂತಿರುವ ಹಳೇ ಮನೆಗಳಲ್ಲಿ ಹೆಚ್ಚಿನವು ಡಚ್ಚರ ಮತ್ತು ಬ್ರಿಟಿಷರ ಕಾಲದವು. ಯಾರಾದರೂ '500 ವರ್ಷದ ಪೋರ್ಚುಗೀಸ್ ಮನೆ' ಅಂದ್ರೆ ಯಾವ ಭಾಗ ಅಷ್ಟು ಹಳೆಯದು ಅಂತ ಕೇಳಿ. ಗೋಡೆ ಹಳೆಯದಿದ್ದು ಮಾಡು ನಿನ್ನೆ ಮೊನ್ನೆಯದು ಇರಬಹುದು. ಹಳೇ ಶೈಲಿಯಲ್ಲಿ ಹೊಸದಾಗಿ ಕಟ್ಟಿದ್ದೂ ಇದೆ.

ಕರಾವಳಿಯವರಿಗೆ ಈ ಮನೆಗಳು ಪರಕೀಯ ಅನ್ನಿಸುವುದಿಲ್ಲ. ದಪ್ಪ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಪಕ್ಕಾಸು-ರೀಪು, ಮೇಲೆ ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ಕೇರಳದ ಉದ್ದಕ್ಕೂ ಹೋಯಿತು. ಇನ್ನೊಂದು ನಂಟೂ ಇದೆ. ಬ್ರಿಟಿಷರ ಕಾಲದಲ್ಲಿ ಕೊಚ್ಚಿ ರಾಜ್ಯ ಬೇರೆ, ಫೋರ್ಟ್ ಕೊಚ್ಚಿ ಬೇರೆ. ಫೋರ್ಟ್ ಕೊಚ್ಚಿ ಮಲಬಾರ್ ಜಿಲ್ಲೆಗೆ ಸೇರಿ, ದಕ್ಷಿಣ ಕನ್ನಡದ ಹಾಗೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇತ್ತು.

ಮುಂಗಡ ಕೊಡುವ ಮೊದಲು ಕೇಳಿ

ಹಳೇ ಮನೆ ಅಂದ ಮೇಲೆ ಹಳೇ ಮನೆಯ ತೊಂದರೆಯೂ ಜೊತೆಗೇ ಇರುತ್ತದೆ. ಫೋಟೊದಲ್ಲಿ ಕಾಣದ ವಿಷಯಗಳನ್ನು ಬಾಯಿಬಿಟ್ಟು ಕೇಳಬೇಕು.

• ರೂಮು ಕೆಳಗಾ, ಮಹಡಿಯಲ್ಲಾ? ಹಳೇ ಮನೆಯ ಮರದ ಏಣಿಮೆಟ್ಟಿಲು ಕಡಿದಾಗಿರುತ್ತದೆ, ಲಿಫ್ಟ್ ಇರುವುದು ಅಪರೂಪ. ಮಂಡಿನೋವಿನ ಅಜ್ಜ ಅಜ್ಜಿ ಜೊತೆಗಿದ್ದರೆ ಕೆಳಗಿನ ರೂಮನ್ನೇ ಕೇಳಿ.
• ಬಚ್ಚಲು ರೂಮಿಗೆ ತಾಗಿಯೇ ಇದೆಯಾ? ಆ ಕಾಲದಲ್ಲಿ ಬಚ್ಚಲು ಮನೆಯ ಹೊರಗಿರುತ್ತಿತ್ತು. ಕೆಲವು ಕಡೆ ಆಮೇಲೆ ಸೇರಿಸಿದ ಚಿಕ್ಕ ಬಚ್ಚಲು ಇರುತ್ತದೆ.
• ಸದ್ದು ಹೇಗೆ? ಮಹಡಿಗೆ ಹಲಗೆ ಹಾಸಿದ್ದರೆ ಮೇಲಿನವರು ನಡೆದಾಡಿದ್ದು ಕೆಳಗಿನವರಿಗೆ ಕೇಳಿಸುತ್ತದೆ. ರಸ್ತೆಬದಿಯ ರೂಮಿಗಿಂತ ಅಂಗಳದ ಕಡೆಯ ರೂಮು ವಾಸಿ.
• ಎಸಿ ಇದೆಯಾ, ಬರೀ ಫ್ಯಾನಾ? ಎತ್ತರದ ಮಾಡಿನ ರೂಮು ತಂಪಾಗಿದ್ದರೂ ಮಾರ್ಚ್‌ನಿಂದ ಮೇವರೆಗೆ ಸೆಕೆ ಜೋರು.
• ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ? ಕೊಚ್ಚಿಯ ಸೊಳ್ಳೆ ಹೆಸರುವಾಸಿ. ಇಲ್ಲ ಅಂದ್ರೆ ಸೊಳ್ಳೆಪರದೆ ಕೇಳಿ.
• ಕಾರು ಎಲ್ಲಿ ನಿಲ್ಲಿಸುವುದು? ಗಲ್ಲಿಗಳು ಕಾರಿಗಾಗಿ ಮಾಡಿದವಲ್ಲ.
• ಬೆಳಗಿನ ತಿಂಡಿ ಬಾಡಿಗೆಯೊಳಗೇ ಬರುತ್ತದಾ, ಎಷ್ಟು ಜನಕ್ಕೆ? ಹೆಚ್ಚುವರಿ ಹಾಸಿಗೆಯಲ್ಲಿ ಮಲಗುವ ಮಗುವಿಗೂ ಇದೆಯಾ?
• ಬರುವುದು ರದ್ದಾದರೆ ಮುಂಗಡ ವಾಪಸ್ ಸಿಗುತ್ತದಾ?

ಉತ್ತರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡರೆ ಆಮೇಲೆ ಮಾತಿಗೆ ಮಾತು ಬರುವುದಿಲ್ಲ. ಮುಂಗಡ ಹಾಕುವಾಗ ಯುಪಿಐನಲ್ಲಿ ಬರುವ ಹೆಸರು ಮನೆಯವರದ್ದೇ ಹೌದಾ ಅಂತ ನೋಡಿ. ಅನುಮಾನ ಬಂದರೆ ಕಳುಹಿಸಬೇಡಿ.

ದರ, ತೆರಿಗೆ, ಗುರುತಿನ ಚೀಟಿ

ಡಿಸೆಂಬರ್ ಕೊನೆಯ ವಾರ ಕೊಚ್ಚಿನ್ ಕಾರ್ನಿವಲ್ ಇರುತ್ತದೆ. 31ರ ಮಧ್ಯರಾತ್ರಿ 'ಪಾಪ್ಪಾಂಞಿ' ಎಂಬ ಮುದುಕನ ಬೊಂಬೆ ಸುಡುವುದನ್ನು ನೋಡಲು ಜನಸಾಗರ. 2012ರಲ್ಲಿ ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಕಲಾ ಪ್ರದರ್ಶನ ನಡೆಯುವ ತಿಂಗಳುಗಳಲ್ಲೂ ರೂಮು ಸಿಗುವುದು ಕಷ್ಟ, ಬಾಡಿಗೆಯೂ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗಿರಾಕಿ ಕಡಿಮೆ. ಆಗ ಚೌಕಾಸಿಗೆ ಜಾಗ ಇದೆ. ಮಳೆ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಆದರೆ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮನೆಯವರು ನೇರವಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಆ್ಯಪ್ ಮೂಲಕ ಬುಕ್ ಮಾಡಿದರೆ ತೆರಿಗೆ ಸೇರಿಯೇ ಬರುತ್ತದೆ.

ದೊಡ್ಡವರೆಲ್ಲರೂ ಗುರುತಿನ ಚೀಟಿ ಇಟ್ಟುಕೊಳ್ಳಿ. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ ಮೊದಲೇ ಹೇಳಬೇಕು. ಅವರು ಬಂದ 24 ಗಂಟೆಯೊಳಗೆ ಮನೆಯವರು ಅವರ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಕೊಡಬೇಕಾಗುತ್ತದೆ.

ಹೋಗುವುದು ಹೇಗೆ?

ಮಂಗಳೂರು ಸೆಂಟ್ರಲ್‌ನಿಂದ ಎರ್ನಾಕುಳಂಗೆ ರೈಲಿನಲ್ಲಿ ಸುಮಾರು 415 ಕಿ.ಮೀ. ಬೆಳಿಗ್ಗೆ ಹೊರಡುವವರಿಗೆ ಪರಶುರಾಮ, ಸಂಜೆಯವರಿಗೆ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್ ಇವೆ. ಕಾರವಾರ, ಉಡುಪಿಯವರಿಗೆ ಮಂಗಳಾ ಎಕ್ಸ್‌ಪ್ರೆಸ್ ಇದೆ. ರೈಲು ನಿಲ್ಲುವುದು ಎರ್ನಾಕುಳಂ ಜಂಕ್ಷನ್‌ನಲ್ಲಾ, ಟೌನ್‌ನಲ್ಲಾ ಅಂತ ಟಿಕೆಟ್ ನೋಡಿಕೊಳ್ಳಿ. ಎರಡೂ ಬೇರೆ ಬೇರೆ ಸ್ಟೇಷನ್.

ಅಲ್ಲಿಂದ ಫೋರ್ಟ್ ಕೊಚ್ಚಿಗೆ ರಸ್ತೆಯಲ್ಲಿ ಸುಮಾರು 12–13 ಕಿ.ಮೀ. ಅದಕ್ಕಿಂತ ಚಂದ ದೋಣಿ. ಎರ್ನಾಕುಳಂ ಜೆಟ್ಟಿಯಿಂದ ಸರ್ಕಾರಿ ಬೋಟ್ ಇದೆ. ಹೈಕೋರ್ಟ್ ನಿಲ್ದಾಣದಿಂದ 2024ರಿಂದ ವಾಟರ್ ಮೆಟ್ರೋ ಕೂಡ ಓಡುತ್ತಿದೆ. ರಾತ್ರಿ ತಡವಾದರೆ ಬೋಟ್ ಇರುವುದಿಲ್ಲ, ರಸ್ತೆಯೇ ಗತಿ. ಕಾರಿನಲ್ಲಿ ಹೋಗುವವರು ವೈಪಿನ್ ದ್ವೀಪದ ದಾರಿ ಹಿಡಿದು, ಕೊನೆಯಲ್ಲಿ ಕಾರನ್ನೇ ರೋ-ರೋ ಬೋಟಿಗೆ ಹತ್ತಿಸಿ ಫೋರ್ಟ್ ಕೊಚ್ಚಿಗೆ ಇಳಿಯಬಹುದು. ಮಕ್ಕಳಿಗೆ ಅದೇ ಒಂದು ಮೋಜು.

ಮನೆಯ ಕಟ್ಟುಪಾಡು

ಬರುವ ಹೊತ್ತನ್ನು ಮೊದಲೇ ತಿಳಿಸಿ, ರೈಲು ತಡವಾದರೆ ಫೋನ್ ಮಾಡಿ. ಅಲ್ಲಿ ರಾತ್ರಿ ಪಾಳಿಯ ಕೆಲಸದವರಿಲ್ಲ, ಬಾಗಿಲು ತೆಗೆಯಲು ಕಾಯುವುದು ಮನೆಯವರು. ಚಪ್ಪಲಿ ಹೊರಗೆ. ಹಳೇ ಕುರ್ಚಿ, ಮೇಜು, ಗೋಡೆಯ ಫೋಟೊಗಳು ಆ ಕುಟುಂಬದ್ದು. ಒದ್ದೆ ಬಟ್ಟೆಯನ್ನು ಮರದ ಸಾಮಾನಿನ ಮೇಲೆ ಹರಡಬೇಡಿ. ವೈರಿಂಗ್ ಹಳೆಯದಿರಬಹುದು, ಮನೆಯಿಂದ ಒಯ್ದ ಕೆಟಲ್, ಇಸ್ತ್ರಿಪೆಟ್ಟಿಗೆ ಹಾಕುವ ಮೊದಲು ಕೇಳಿ. ರಾತ್ರಿ ಗಟ್ಟಿಯಾಗಿ ಮಾತಾಡಿದರೆ ಮರುದಿನ ತಿಂಡಿಯ ಮೇಜಿನಲ್ಲಿ ಮುಖ ನೋಡುವುದು ಕಷ್ಟ ಆಗುತ್ತದೆ.

ತಿಂಡಿಗೆ ಸಾಮಾನ್ಯವಾಗಿ ಅಪ್ಪಂ-ಸ್ಟ್ಯೂ, ಪುಟ್ಟು-ಕಡಲೆ, ಇಡಿಯಪ್ಪಂ ಇರುತ್ತದೆ. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿಬಿಡಿ. ಸ್ಟ್ಯೂ ಕೋಳಿಯದ್ದೂ ಇರುತ್ತದೆ, ತರಕಾರಿಯದ್ದೂ ಇರುತ್ತದೆ. ಕೊಂಕಣಿ ಮಾತಾಡುವವರಿಗೆ ಒಂದು ವಿಷಯ: ಗೋವಾ ಬಿಟ್ಟು ಬಂದ ಗೌಡ ಸಾರಸ್ವತರು ಮಟ್ಟಾಂಚೇರಿಯ ಚೆರ್ಲಾಯಿ ಸುತ್ತಮುತ್ತ ನೆಲೆಸಿದ್ದಾರೆ. ಅಲ್ಲಿನ ತಿರುಮಲ ದೇವಸ್ವಂ ದೇವಸ್ಥಾನದ ಬೀದಿಯಲ್ಲಿ ಕೊಂಕಣಿಯಲ್ಲೇ ಮಾತಾಡಬಹುದು.

ಉಳಿದರೆ ಸಿಗುವ ಲಾಭ ಅಂದ್ರೆ ಬೆಳಗಿನ ಹೊತ್ತು. ಬಸ್ಸುಗಳಲ್ಲಿ ಜನ ಬಂದಿಳಿಯುವ ಮೊದಲು ಪ್ರಿನ್ಸೆಸ್ ಸ್ಟ್ರೀಟ್, ಚೀನಾ ಬಲೆ, ದಂಡೆಯ ಮೀನು ಹರಾಜು ಎಲ್ಲವನ್ನೂ ನಡೆದೇ ನೋಡಬಹುದು. ಮಟ್ಟಾಂಚೇರಿಯ ಡಚ್ ಅರಮನೆಗೆ ಶುಕ್ರವಾರ ರಜೆ. 1568ರ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಶನಿವಾರ ಪ್ರವಾಸಿಗರನ್ನು ಬಿಡುವುದಿಲ್ಲ. ಎರಡನ್ನೂ ನೋಡುವವರು ದಿನ ಲೆಕ್ಕ ಹಾಕಿಕೊಂಡೇ ಹೊರಡಿ.

ಹಳೇ ಮನೆ ಇದ್ದವರಿಗೆ, ಅಂಗಡಿಯವರಿಗೆ

ಕರಾವಳಿಯ ಪೇಟೆಗಳಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ, ಮನೆಯಲ್ಲಿ ಹಿರಿಯರಿಬ್ಬರೇ. ವರ್ಷಕ್ಕೊಮ್ಮೆ ಹಂಚು ಕೈಯಾಡಿಸದಿದ್ದರೆ ಮಳೆನೀರು ಪಕ್ಕಾಸಿಗೆ ಇಳಿಯುತ್ತದೆ, ಹಿಂದೆಯೇ ಒರಲೆ. ಜನ ವಾಸ ಇಲ್ಲದ ಮನೆ ಬೇಗ ಹಾಳಾಗುತ್ತದೆ. ಕೆಡವಿ ಕಾಂಪ್ಲೆಕ್ಸ್ ಕಟ್ಟುವುದೊಂದೇ ದಾರಿ ಅಂದುಕೊಂಡವರು ಫೋರ್ಟ್ ಕೊಚ್ಚಿಯ ಮನೆಗಳನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ಅಲ್ಲಿ 2–3 ರೂಮಿನ ಬಾಡಿಗೆಯೇ ಮಾಡಿನ ರಿಪೇರಿಗೆ ಆಸರೆಯಾಗುತ್ತದೆ.

ಲಾಭ ಮನೆಯವರಿಗೆ ಮಾತ್ರ ಅಲ್ಲ. ರೆಸಾರ್ಟಿಗೆ ಬಂದವರು ಊಟ, ಕಾಫಿ, ಐಸ್‌ಕ್ರೀಮ್ ಎಲ್ಲವನ್ನೂ ಕಾಂಪೌಂಡ್ ಒಳಗೇ ಮುಗಿಸುತ್ತಾರೆ. ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್‌ನಲ್ಲಿ ಕೊಡುವುದು ಒಂದು ಹೊತ್ತಿನ ತಿಂಡಿ ಅಷ್ಟೇ. ಮಧ್ಯಾಹ್ನದ ಊಟಕ್ಕೆ ಹೋಟೆಲ್, ಸಂಜೆ ಚಹಾದಂಗಡಿ, ಮಾತ್ರೆಗೆ ಮೆಡಿಕಲ್, ತಿರುಗಾಡಲು ರಿಕ್ಷಾ, ಹೊರಡುವಾಗ ಗೇರುಬೀಜ, ಹಪ್ಪಳ, ಬಟ್ಟೆ ಎಲ್ಲಕ್ಕೂ ಗಿರಾಕಿ ಬೀದಿಗೇ ಇಳಿಯಬೇಕು. ಒಂದು ಹಳೇ ಮನೆ ಉಳಿದರೆ ಆ ಬೀದಿಯ ಅಂಗಡಿಗೂ ವ್ಯಾಪಾರ.

ಶುರು ಮಾಡುವವರು ಮೊದಲು ಜಿಲ್ಲಾ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ ಹೋಂಸ್ಟೇ ನೋಂದಣಿಯ ಕಾಗದಪತ್ರ ವಿಚಾರಿಸಬೇಕು. ಸ್ಥಳೀಯ ಪಂಚಾಯತ್ ಅಥವಾ ಪುರಸಭೆಯಲ್ಲೂ ಕೇಳಬೇಕು. ಸಮುದ್ರದ ಹತ್ತಿರದ ಮನೆಗೆ ಸಿಆರ್‌ಝಡ್ ನಿಯಮ ಇದೆ. 2019ರ ಅಧಿಸೂಚನೆ ಪ್ರಕಾರ ಮೀನುಗಾರರು ಸೇರಿದಂತೆ ಸ್ಥಳೀಯರು ಇರುವ ಮನೆಯ ಅಡಿಪಾಯದ ಅಳತೆ, ವಿನ್ಯಾಸ, ಮುಂಭಾಗ ಬದಲಿಸದೆ ಹೋಂಸ್ಟೇ ನಡೆಸಲು ಅವಕಾಶ ಕೊಡಬಹುದು. ಅಂದರೆ ಹಳೇ ಮನೆಯನ್ನು ಹಾಗೇ ಇಟ್ಟುಕೊಂಡವರಿಗೆ ದಾರಿ ಇದೆ. ಕೆಡವಿ ದೊಡ್ಡದು ಮಾಡಿದರೆ ಈ ಅವಕಾಶದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಜೆಸಿಬಿ ಕರೆಸುವ ಮೊದಲು ಒಮ್ಮೆ ಕಚೇರಿಗೆ ಹೋಗಿ ಕೇಳಿ ಬನ್ನಿ.