ಹದಿಹರೆಯದ ದೈಹಿಕ ಬದಲಾವಣೆ: ಶಾಲೆ ಮತ್ತು ಶಿಕ್ಷಕರ ನೆರವು

ಬಾಲ್ಯದ ದೇಹ ಸಂತಾನಶಕ್ತಿ ಪಡೆಯುವತ್ತ ಬೆಳೆಯುವ ಘಟ್ಟ ಹದಿಹರೆಯ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಆರಂಭವಾಗುತ್ತದೆ. ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಊರುಗಳಲ್ಲಿ ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವ ಕೆಲಸ ಬಹುಮಟ್ಟಿಗೆ ಶಿಕ್ಷಕರ ಪಾಲಿಗೆ ಬರುತ್ತದೆ.

ಬೆಳವಣಿಗೆಯ ಕ್ರಮ

ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಅದರ ರಸಗಳಿಂದ ಅಂಡಾಶಯ, ವೃಷಣಗಳು ಚುರುಕಾಗುತ್ತವೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ಎದೆಯ ಬೆಳವಣಿಗೆ ಮೊದಲ ಗುರುತು. ಸುಮಾರು ಎರಡು, ಎರಡೂವರೆ ವರ್ಷದ ಬಳಿಕ ಮೊದಲ ಮುಟ್ಟು. ಮುಟ್ಟಿಗೆ ಮುಂಚೆಯೇ ಎತ್ತರ ವೇಗವಾಗಿ ಏರುತ್ತದೆ. ಹುಡುಗರಿಗೆ ಆ ವೇಗ ಎರಡು ವರ್ಷ ತಡವಾಗಿ ಬರುವುದರಿಂದ ಆರು, ಏಳನೇ ತರಗತಿಗಳಲ್ಲಿ ಹುಡುಗಿಯರೇ ಎತ್ತರವಾಗಿ ಕಾಣುವುದುಂಟು. ಸಾಲಿನಲ್ಲಿ ಎತ್ತರದ ಪ್ರಕಾರ ನಿಲ್ಲಿಸಿ ಗೇಲಿಗೆ ಎಡೆ ಮಾಡಿಕೊಡುವ ಪದ್ಧತಿಯನ್ನು ಬಿಡುವುದು ಖರ್ಚಿಲ್ಲದ ನೆರವು.

ಮೊದಲ ಒಂದೆರಡು ವರ್ಷ ಮುಟ್ಟು ತಿಂಗಳ ಲೆಕ್ಕಕ್ಕೆ ಸಿಗದಿರುವುದು ಸಹಜ. ಹದಿಹರೆಯದ ಪಾಠ ವಿಜ್ಞಾನ ಪುಸ್ತಕದಲ್ಲಿ ಬರುವುದು ಎಂಟನೇ ತರಗತಿಯ ಹೊತ್ತಿಗೆ. ಅಷ್ಟರಲ್ಲಿ ಅನೇಕ ಹುಡುಗಿಯರು ಮುಟ್ಟಾಗಿರುತ್ತಾರೆ. ಆದ್ದರಿಂದ ಐದು, ಆರನೇ ತರಗತಿಯಲ್ಲೇ ಮಾತು ಆರಂಭಿಸುವುದು ಲೇಸು. ಮುಂಚಿತವಾಗಿ ತಿಳಿದ ಮಗು ರಕ್ತ ಕಂಡು ರೋಗವೆಂದು ಹೆದರುವ ಸಂಭವ ಕಡಿಮೆ.

ಹುಡುಗರ ವಿಷಯದಲ್ಲಿ ಬರಹವೂ ಯೋಜನೆಯೂ ಕಡಿಮೆ. ದನಿ ಒಡೆಯುವುದು, ನಿದ್ದೆಯಲ್ಲಿ ವೀರ್ಯಸ್ಖಲನ, ಕೆಲವರಿಗೆ ಕೆಲಕಾಲ ಎದೆ ಊದುವುದು, ಇವೆಲ್ಲ ಸಹಜವೆಂದು ಶಿಕ್ಷಕರೊಬ್ಬರು ಹೇಳಿದರೆ ಸಾಕಾಗುತ್ತದೆ.

ಸರ್ಕಾರಿ ಕ್ರಮಗಳ ಏರಿಳಿತ

ಕೇಂದ್ರ ಸರ್ಕಾರ 2005ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಜೊತೆಗೂಡಿ ಹದಿಹರೆಯ ಶಿಕ್ಷಣ ಕಾರ್ಯಕ್ರಮ ತಂದಿತು. ಅದರ ಚಿತ್ರ, ಪಾಠಗಳು ಸಂಸ್ಕೃತಿಗೆ ಒಗ್ಗವೆಂಬ ಆಕ್ಷೇಪ ಎದ್ದು, 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಆಮೇಲೆ ಈ ವಿಷಯ ಶಾಲೆಗೆ ಮರಳಿದ್ದು ಹೆಚ್ಚಾಗಿ ಆರೋಗ್ಯದ ಹೆಸರಿನಲ್ಲಿ. 6ರಿಂದ 12ನೇ ತರಗತಿಯವರಿಗೆ ಜಂತುಹುಳು ನಿವಾರಣೆಯ ಮಾತ್ರೆ, ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಬಂದವು. 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ರಾಜ್ಯದ ‘ಶುಚಿ’ ಯೋಜನೆಯಲ್ಲಿ ಶಾಲಾ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಹಂಚಲಾಯಿತು. ನಡುವೆ ನಿಂತಿದ್ದ ವಿತರಣೆ 2024ರಲ್ಲಿ ಮತ್ತೆ ಆರಂಭವಾಯಿತು. 2020ರ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಸಾಧ್ಯವಿದ್ದಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆಗೆ, ತರಬೇತಿ ನೀಡುವ ವ್ಯವಸ್ಥೆ ಬಂತು. ಗಂಡುಮಕ್ಕಳನ್ನೂ ಲೆಕ್ಕಕ್ಕೆ ಹಿಡಿದ ಕ್ರಮವೆಂದು ಇದು ಗಮನಾರ್ಹ.

ಮನೆ ಮತ್ತು ಶಾಲೆ

ಹುಡುಗಿ ದೊಡ್ಡಾಕಿ ಆದಳೆಂದರೆ ಆರತಿ ಮಾಡಿ ಒಣಕೊಬ್ಬರಿ, ಬೆಲ್ಲ ತಿನ್ನಿಸುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಪೋಷಣೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಕೆಲವು ಮನೆಗಳಲ್ಲಿ ಶಾಲೆ ಬಿಡಿಸುವ, ವರ ಹುಡುಕುವ ಮಾತು ಏಳುವುದೂ ಆಗಲೇ. 2016ರ ರಾಜ್ಯ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಮುಟ್ಟಿನ ರಜೆಯ ಬಳಿಕ ಹುಡುಗಿ ಶಾಲೆಗೆ ಮರಳದಿದ್ದರೆ ಶಿಕ್ಷಕಿ ಮನೆಗೆ ಹೋಗಿ ತಾಯಿಯನ್ನು ಮಾತಾಡಿಸುವುದು ಹಾಜರಿ ಪುಸ್ತಕದಲ್ಲಿ ಗೈರು ಬರೆದು ಬಿಡುವುದಕ್ಕಿಂತ ಪರಿಣಾಮಕಾರಿ.

ಚಿಲಕವಿರುವ ಶೌಚಾಲಯ, ನೀರು, ಬಳಸಿದ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಕಪಾಟಿನಲ್ಲಿ ಒಂದೆರಡು ಪ್ಯಾಡ್ ಮತ್ತು ಬದಲಿ ಲಂಗ: ಇವಿಲ್ಲದ ಕಡೆ ಪಾಠ ಅರ್ಧವಾಗುತ್ತದೆ. ಪ್ರಶ್ನೆ ಕೇಳಲು ನಾಚುವವರಿಗೆ ಹೆಸರಿಲ್ಲದ ಚೀಟಿ ಹಾಕುವ ಡಬ್ಬಿ ಇಡಬಹುದು.

ಯಾವಾಗ ವೈದ್ಯರು, ಯಾವಾಗ ಪೊಲೀಸರು

ಹುಡುಗಿಗೆ 8 ಅಥವಾ ಹುಡುಗನಿಗೆ 9 ತುಂಬುವ ಮುಂಚೆಯೇ ಬದಲಾವಣೆ ಕಂಡರೆ, 13ರೊಳಗೆ ಹುಡುಗಿಗೆ, 14ರೊಳಗೆ ಹುಡುಗನಿಗೆ ಯಾವ ಗುರುತೂ ಕಾಣದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಿರುವ ಸ್ನೇಹ ಕ್ಲಿನಿಕ್‌ಗೆ ಕಳಿಸಬೇಕು. ಮಗು ಲೈಂಗಿಕ ಕಿರುಕುಳದ ಸುಳಿವು ಕೊಟ್ಟಲ್ಲಿ ಅದನ್ನು ಗುಟ್ಟಾಗಿಡುವೆನೆಂದು ಶಿಕ್ಷಕರು ಮಾತು ಕೊಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು.