ಮೊಸಾರಬೆ, ಮುದೇಹರ್, ಮೊರಿಸ್ಕೊ

ಸ್ಪ್ಯಾನಿಷ್ ಕಲಿಯಹೊರಟವರನ್ನು ಮೊದಲು ಗೊಂದಲಕ್ಕೆ ಕೆಡವುವುದು ‘ಸೆರ್’ ಮತ್ತು ‘ಎಸ್ತಾರ್’. ಎರಡಕ್ಕೂ ‘ಇರು’ ಎಂದೇ ಅರ್ಥ. ಒಂದು ಸ್ವಭಾವವನ್ನು ಹೇಳುತ್ತದೆ, ಇನ್ನೊಂದು ಸ್ಥಿತಿಯನ್ನು. ಬಳಸುತ್ತ ಹೋದರೆ ಇಂಥ ಜೋಡಿಗಳು ಒಲಿಯುತ್ತವೆ. ಆದರೆ ಸ್ಪೇನಿನ ಇತಿಹಾಸ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಮೂರು ಪದಗಳು ಬರೀ ಅಭ್ಯಾಸಕ್ಕೆ ಒಲಿಯುವಂಥವಲ್ಲ. ಅವು ಮೊಸಾರಬೆ, ಮುದೇಹರ್ ಮತ್ತು ಮೊರಿಸ್ಕೊ. ಕೇಳಿದರೆ ಒಂದೇ ಮನೆತನದ ಹೆಸರುಗಳಂತಿವೆ. ಅವು ಹೇಳುವ ಬದುಕುಗಳು ಮಾತ್ರ ಬೇರೆ ಬೇರೆ.

711ರಲ್ಲಿ ಮುಸ್ಲಿಂ ಸೇನೆ ಐಬೀರಿಯಾಕ್ಕೆ ಕಾಲಿಟ್ಟ ಮೇಲೆ ಆ ಆಳ್ವಿಕೆಯಲ್ಲಿ ತಮ್ಮ ಧರ್ಮ ಉಳಿಸಿಕೊಂಡು ಬಾಳಿದ ಕ್ರೈಸ್ತರು ಮೊಸಾರಬೆಗಳು. ಅರಬ್ಬಿಯ ‘ಮುಸ್ತಾರಿಬ್’ ಈ ಪದದ ಮೂಲ, ಅರಬರಂತಾದವನು ಎಂದರ್ಥ. 1085ರಲ್ಲಿ ಕ್ರೈಸ್ತ ದೊರೆ ಆರನೆಯ ಅಲ್ಫೋನ್ಸೊ ತೊಲೆಡೊ ನಗರವನ್ನು ಗೆದ್ದ. ಅದಾಗಿ ಬಹಳ ಕಾಲದವರೆಗೂ, ಹನ್ನೆರಡು ಹದಿಮೂರನೆಯ ಶತಮಾನಗಳಲ್ಲೂ, ಅಲ್ಲಿನ ಮೊಸಾರಬೆಗಳು ಹೊಲಮನೆಗಳ ಕ್ರಯಪತ್ರಗಳನ್ನು ಅರಬ್ಬಿಯಲ್ಲೇ ಬರೆಸುತ್ತಿದ್ದರು. ಪ್ರಾರ್ಥನೆ ಲ್ಯಾಟಿನ್‌ನಲ್ಲಿ, ವ್ಯವಹಾರ ಅರಬ್ಬಿಯಲ್ಲಿ.

ಮುದೇಹರ್ ಇದರ ತಿರುವು. ಕ್ರೈಸ್ತ ದೊರೆಗಳು ಗೆದ್ದ ನೆಲದಲ್ಲಿ ತೆರಿಗೆ ಕಟ್ಟಿ, ತಮ್ಮ ಧರ್ಮ ಬಿಡದೆ ಉಳಿದ ಮುಸ್ಲಿಮರು ಇವರು. ಅರಬ್ಬಿಯ ‘ಮುದಜ್ಜನ್’ ಎಂದರೆ ಉಳಿದುಕೊಂಡವನು. ಪಳಗಿದ ಪ್ರಾಣಿಗೂ ಇದೇ ಪದ ಸಲ್ಲುತ್ತದೆ. ಹಾಗಾಗಿ ಈ ಹೆಸರಿನಲ್ಲಿ ಅನುಮತಿಯೂ ಇದೆ, ಅಣಕವೂ ಇದೆ. ಆದರೂ ಆ ಅನುಮತಿಗೆ ಬೆಲೆಯಿತ್ತು. 1491ರ ನವೆಂಬರಿನಲ್ಲಿ ಗ್ರನಾಡದ ಶರಣಾಗತಿಯ ಒಪ್ಪಂದವಾದಾಗ ಇಸಬೆಲ್ಲಾ ಮತ್ತು ಫರ್ಡಿನಂಡ್ ಅಲ್ಲಿಯ ಮುಸ್ಲಿಮರಿಗೆ ಅವರ ಮಸೀದಿ, ಅವರ ಕಾನೂನು, ಅವರ ನ್ಯಾಯಾಧೀಶರನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. 1492ರ ಜನವರಿ 2ರಂದು ನಗರ ಕೈಬದಲಾಯಿತು.

ಆ ಮಾತು ಹತ್ತು ವರ್ಷವೂ ಬಾಳಲಿಲ್ಲ. 1499ರಲ್ಲಿ ತೊಲೆಡೊದ ಆರ್ಚ್‌ಬಿಷಪ್ ಸಿಸ್ನೆರೊಸ್ ಗ್ರನಾಡಕ್ಕೆ ಬಂದು ಒತ್ತಾಯದ ದೀಕ್ಷಾಸ್ನಾನ ಶುರುಮಾಡಿದ. ಜನ ದಂಗೆಯೆದ್ದರು. ದಂಗೆಯೆದ್ದಿರಿ, ಆದ್ದರಿಂದ ಒಪ್ಪಂದ ಮುರಿಯಿತು ಎಂದಿತು ಪ್ರಭುತ್ವ. 1502ರಲ್ಲಿ ಕ್ಯಾಸ್ಟೀಲಿನ ಮುದೇಹರರಿಗೆ ಎರಡೇ ದಾರಿ ಉಳಿದವು: ಮತಾಂತರ ಇಲ್ಲವೇ ದೇಶತ್ಯಾಗ. 1526ರ ಹೊತ್ತಿಗೆ ಅರಗಾನ್ ಮತ್ತು ವಲೆನ್ಸಿಯಾದಲ್ಲೂ ಇದೇ ಆಯಿತು. ಕಾನೂನಿನ ಲೆಕ್ಕದಲ್ಲಿ ಮುದೇಹರ್ ಎಂಬವನೇ ಇಲ್ಲವಾದ.

ಅವನ ಜಾಗಕ್ಕೆ ಬಂದವನು ಮೊರಿಸ್ಕೊ. ‘ಮೋರೊ’ ಎಂದರೆ ಮೂರ್ ಜನಾಂಗದವನು. ‘ಇಸ್ಕೊ’ ಪ್ರತ್ಯಯ ಸೇರಿದರೆ ಮೂರರಿಗೆ ಸಂಬಂಧಿಸಿದ್ದು, ಅವರ ಬಗೆಯದ್ದು. ಮೊದಲಿಗೆ ಇದು ಉಡುಪಿಗೆ, ಕುಣಿತಕ್ಕೆ ಹೇಳುತ್ತಿದ್ದ ಮಾತು. ಈಗ ಮನುಷ್ಯನಿಗೆ ಅಂಟಿತು. ದೀಕ್ಷೆಯಾದ ಮೇಲೆ ಅವನು ಕ್ರೈಸ್ತನಾಗಬೇಕಿತ್ತು. ಈ ಪದ ಅವನನ್ನು ಬಿಟ್ಟುಬಂದ ಮನೆಯ ಹೆಸರಿನಿಂದಲೇ ಕರೆಯಿತು. ಮುದೇಹರ್ ಎಂದಾಗ ಅವನು ಯಾರೆಂದು ಹೇಳಿದಂತಾಗುತ್ತಿತ್ತು. ಮೊರಿಸ್ಕೊ ಎಂದಾಗ ಅವನನ್ನು ನಂಬುವುದಿಲ್ಲವೆಂದು ಹೇಳಿದಂತಾಗುತ್ತಿತ್ತು. ನನ್ನ ಮಟ್ಟಿಗೆ ಈ ಎರಡು ಪದಗಳ ಅಂತರವೆಲ್ಲ ಇಲ್ಲಿದೆ.

ಇದೇ ಸಿಸ್ನೆರೊಸ್‌ಗೆ ಇನ್ನೊಂದು ಮುಖವಿತ್ತು. ಅಳಿದುಹೋಗುತ್ತಿದ್ದ ಮೊಸಾರಬೆ ಪೂಜಾವಿಧಿಯನ್ನು ಉಳಿಸಲೆಂದು ಅದರ ಗ್ರಂಥಗಳನ್ನು 1500 ಮತ್ತು 1502ರಲ್ಲಿ ಅಚ್ಚು ಹಾಕಿಸಿದ. ತೊಲೆಡೊದ ಮಹಾಚರ್ಚಿನಲ್ಲಿ ಅದಕ್ಕೊಂದು ಪ್ರತ್ಯೇಕ ಗುಡಿ ಮಾಡಿಕೊಟ್ಟ. ಅದೇ ವರ್ಷಗಳಲ್ಲಿ ಗ್ರನಾಡದಲ್ಲಿ ಅರಬ್ಬಿ ಗ್ರಂಥಗಳನ್ನು ರಾಶಿ ಹಾಕಿ ಸುಡಿಸಿದ. ಅರಬ್ಬಿ ಬರೆದ ಕ್ರೈಸ್ತರ ನೆನಪು ಅವನಿಗೆ ಪರಂಪರೆ. ಹೊಸದಾಗಿ ಕ್ರೈಸ್ತರಾದವರ ಅರಬ್ಬಿ ಅಪಾಯ.

1567ರಲ್ಲಿ ಎರಡನೆಯ ಫಿಲಿಪ್‌ನ ಸರ್ಕಾರ ಮೊರಿಸ್ಕೊಗಳ ಅರಬ್ಬಿ ಭಾಷೆ, ಉಡುಪು, ಸ್ನಾನಗೃಹಗಳನ್ನು ನಿಷೇಧಿಸಿತು. ಕ್ಯಾಸ್ಟಿಲಿಯನ್ ಕಲಿಯಲು ಕೊಟ್ಟ ಗಡುವು ಮೂರು ವರ್ಷ. ಫ್ರಾನ್ಸಿಸ್ಕೊ ನೂನ್ಯೆಸ್ ಮುಲೆ ಎಂಬ ಹಿರಿಯ ಮೊರಿಸ್ಕೊ ಗ್ರನಾಡದ ರಾಜ ನ್ಯಾಯಾಲಯಕ್ಕೆ ಮನವಿ ಬರೆದ. ಉಡುಪು ಒಂದು ಸೀಮೆಯದ್ದು, ಧರ್ಮದ್ದಲ್ಲ. ಪೂರ್ವದೇಶಗಳ ಕ್ರೈಸ್ತರೂ ಮಾಲ್ಟಾದವರೂ ಅರಬ್ಬಿ ಆಡುವುದಿಲ್ಲವೇ ಎಂಬುದು ಅವನ ವಾದ. ಯಾರೂ ಕಿವಿಗೊಡಲಿಲ್ಲ. 1568ರ ಕೊನೆಯಲ್ಲಿ ಆಲ್ಪುಹಾರಾ ಬೆಟ್ಟಗಳಲ್ಲಿ ಬಂಡಾಯ ಎದ್ದಿತು. ಅದು ಅಡಗಿದ ಮೇಲೆ ಗ್ರನಾಡದ ಮೊರಿಸ್ಕೊಗಳನ್ನು ಎತ್ತಂಗಡಿ ಮಾಡಿ ಕ್ಯಾಸ್ಟೀಲಿನ ಉದ್ದಗಲಕ್ಕೂ ಚದುರಿಸಿದರು. 1609ರಿಂದ 1614ರವರೆಗೆ, ಮೂರನೆಯ ಫಿಲಿಪ್‌ನ ಆಜ್ಞೆಯಂತೆ, ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ದೇಶದಿಂದಲೇ ಹೊರಹಾಕಲಾಯಿತು. ಮೂರು ನಾಲ್ಕು ತಲೆಮಾರಿನಿಂದ ಕ್ರೈಸ್ತರೆಂದು ದಾಖಲಾದವರು ಅವರು.

ಸೆರ್ವಾಂಟಿಸ್ ಇದನ್ನು ಹತ್ತಿರದಿಂದ ಕಂಡವನು. 1615ರಲ್ಲಿ ಬಂದ ‘ಡಾನ್ ಕಿಹೋಟೆ’ಯ ಎರಡನೆಯ ಭಾಗದಲ್ಲಿ ಸಾಂಚೊ ಪಾಂಜಾನ ನೆರೆಯ ಅಂಗಡಿಕಾರ, ಮೊರಿಸ್ಕೊ ರಿಕೋಟೆ, ಯಾತ್ರಿಕನ ವೇಷದಲ್ಲಿ ಕದ್ದು ಮರಳುತ್ತಾನೆ. ವೇಷ ಎಂಥದ್ದೇ ಇರಲಿ, ಹಳೆಯ ನೆರೆಯವನು ಸಾಂಚೊನ ಗುರುತಿಗೆ ಸಿಗುತ್ತಾನೆ. ಇಬ್ಬರೂ ಕೂತು ಉಣ್ಣುತ್ತಾರೆ.

ಮುದೇಹರ್ ಪದಕ್ಕೆ ಮಾತ್ರ ಆಮೇಲೆ ಒಳ್ಳೆಯ ದಿನ ಬಂತು. 1859ರಲ್ಲಿ ವಿದ್ವಾಂಸ ಅಮಾಡೊರ್ ದೆ ಲೊಸ್ ರಿಯೊಸ್ ಅದನ್ನು ಒಂದು ವಾಸ್ತುಶೈಲಿಯ ಹೆಸರಾಗಿ ಬಳಕೆಗೆ ತಂದ. ತೆರುಯೆಲ್ ನಗರದ ಇಟ್ಟಿಗೆಯ ಮುದೇಹರ್ ಗೋಪುರಗಳು 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಪ್ರವಾಸಿಗರು ಇಂದು ಆ ಗೋಪುರಗಳನ್ನು ಮೆಚ್ಚಿ ನೋಡುತ್ತಾರೆ. ಅವುಗಳ ಶೈಲಿಗೆ ಇಟ್ಟ ಪದದ ಮೂಲಾರ್ಥ ‘ಉಳಿದುಕೊಂಡವನು’.