ವಾಹನದ ಚೌಕಾಸಿಯೂ ಶ್ರಾವಕನ ಅಚೌರ್ಯವೂ

ಬೆಂಗಳೂರಿನ ಮಡಿವಾಳ ಹಳೆಯ ಊರು. ಅಲ್ಲಿನ ಸೋಮೇಶ್ವರ ದೇವಾಲಯದ ಶಾಸನಗಳಲ್ಲಿ ಒಂದು ಕ್ರಿ.ಶ. 1247ರಷ್ಟು ಹಿಂದಿನದು. ಊರನ್ನು ಸೀಳಿಕೊಂಡು ತಮಿಳುನಾಡಿನ ಗಡಿಯತ್ತ ಸಾಗುವ ಹೊಸೂರು ರಸ್ತೆಯ ಆಸುಪಾಸಿನಲ್ಲೂ ಪಕ್ಕದ ಬಿ.ಟಿ.ಎಂ. ಬಡಾವಣೆಯಲ್ಲೂ ಇಂದು ಹೊಸ ಕಾರುಗಳ ಗಾಜಿನ ಮಳಿಗೆಗಳಿವೆ; ಬಳಸಿದ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡ ಅಂಗಡಿಗಳೂ ಇವೆ. ಜಯನಗರದಿಂದಲೋ ಬನಶಂಕರಿಯಿಂದಲೋ ಹೊರಟ ಒಂದು ಕುಟುಂಬ ಬೆಳಿಗ್ಗೆ ಹೊಸ ಕಾರಿನ ಮಳಿಗೆಗೂ ಮಧ್ಯಾಹ್ನ ಹಳೆಯ ಕಾರಿನ ಅಂಗಡಿಗೂ ಹೋಗಿ ವಿಚಾರಿಸಿ ಬರುವುದು ಸಾಮಾನ್ಯ. ಎರಡು ಕಡೆಯೂ ಚೌಕಾಸಿ ನಡೆಯುತ್ತದೆ. ಆದರೆ ಎರಡೂ ಒಂದೇ ಬಗೆಯ ಚೌಕಾಸಿಯಲ್ಲ. ಹೊಸದರಲ್ಲಿ ವಸ್ತು ಯಾವುದೆಂದು ಗೊತ್ತು, ನಿಜವಾದ ಬೆಲೆ ಎಷ್ಟೆಂಬುದಷ್ಟೇ ಪ್ರಶ್ನೆ. ಹಳೆಯದರಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಾರೆ, ವಸ್ತು ಯಾವುದೆಂಬುದೇ ಗೊತ್ತಿಲ್ಲ. ಜೈನ ಗೃಹಸ್ಥನಿಗೆ ಈ ಭೇದ ಹಣದ ಲೆಕ್ಕಕ್ಕೆ ಎಷ್ಟು ಮುಖ್ಯವೋ ವ್ರತದ ಲೆಕ್ಕಕ್ಕೂ ಅಷ್ಟೇ ಮುಖ್ಯ.

ವಾಹನದ ವಿಚಾರ ನಮ್ಮ ಆಗಮಗಳಿಗೆ ಹೊಸದಲ್ಲ. ಉಪಾಸಕದಶಾಂಗದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಶ್ರಾವಕನು ಭಗವಾನ್ ಮಹಾವೀರರಲ್ಲಿ ವ್ರತ ಸ್ವೀಕರಿಸುವಾಗ ದೂರದ ಪ್ರಯಾಣಕ್ಕೆ ಐನೂರು ಬಂಡಿ, ಊರಿನ ಸಾಗಣೆಗೆ ಐನೂರು ಬಂಡಿ ಎಂದು ತನ್ನ ಪರಿಗ್ರಹಕ್ಕೆ ಮಿತಿ ಹಾಕಿಕೊಂಡನು. ಅದೇ ಗ್ರಂಥವು ಶ್ರಾವಕನಿಗೆ ಸಲ್ಲದ ಹದಿನೈದು ಕಸುಬುಗಳಲ್ಲಿ ಶಕಟಕರ್ಮವನ್ನು, ಅಂದರೆ ಬಂಡಿಗಳನ್ನು ಮಾಡಿ ಮಾರಿ ಜೀವಿಸುವುದನ್ನು, ಸೇರಿಸಿದೆ. ಇಟ್ಟುಕೊಳ್ಳಲು ಮಿತಿ, ಮಾರಿ ಬದುಕಲು ನಿಷೇಧ. ನಿಷೇಧಕ್ಕೆ ಹೇಳುವ ಕಾರಣ ಬಂಡಿಯನ್ನೆಳೆಯುವ ಪ್ರಾಣಿಗಳ ನೋವು. ಎಂಜಿನ್ನಿಗೆ ನೋವಿಲ್ಲವಾದ್ದರಿಂದ ಮೋಟಾರು ವ್ಯಾಪಾರಕ್ಕೆ ಈ ನಿಷೇಧ ತಗಲದೆಂದು ಹೇಳುವವರುಂಟು. ಆ ವಾದ ಇರಲಿ. ಎತ್ತಿನ ನೋವು ತಪ್ಪಿತೆಂದ ಮಾತ್ರಕ್ಕೆ ವ್ಯಾಪಾರಿ ಉಳಿದ ವ್ರತಗಳಿಂದಲೂ ಬಿಡುಗಡೆ ಹೊಂದಿದನೆಂದು ಯಾವ ಆಚಾರ್ಯರೂ ಹೇಳಿಲ್ಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವ ವಿಲೋಪ, ಒಳ್ಳೆಯ ವಸ್ತುವಿಗೆ ಅದರಂತೆಯೇ ತೋರುವ ಕೀಳು ವಸ್ತುವನ್ನು ಬೆರೆಸುವ ಸದೃಶಸನ್ಮಿಶ್ರ, ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕವಿನಿಮಾನ. ಕನ್ನ ಕೊರೆಯುವುದು ಇವುಗಳಲ್ಲಿ ಒಂದೂ ಅಲ್ಲ. ಎಲ್ಲವೂ ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಮಾಡುವಂಥವು.

ವಾಹನದ ಕ್ರಯದಲ್ಲಿ ನಷ್ಟದ ಹೊಣೆ ಯಾರದೆಂಬ ಪ್ರಶ್ನೆ ಕರ್ನಾಟಕದ ಇತಿಹಾಸದಲ್ಲಿ ಬಹಳ ಹಿಂದೆಯೇ ಎದ್ದಿತ್ತು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜನು ವಿಜಯನಗರದ ಸಾಳುವ ನರಸಿಂಹನ ವಿಷಯದಲ್ಲಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಹೋರ್ಮುಜ್ ಮತ್ತು ಏಡನ್ನಿನಿಂದ ಬರುವ ಕುದುರೆಗಳನ್ನು ಅರಸನು ಸಾವಿರ ಪರ್ದಾವುಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದೊಪ್ಪಿಸಿದರೂ ಬದುಕಿದ ಕುದುರೆಗೆ ಕೊಟ್ಟಷ್ಟೇ ಹಣ ಕೊಡುತ್ತಿದ್ದನಂತೆ. ಕುದುರೆ ಬೇಕೇಬೇಕೆಂಬ ಯುದ್ಧಕಾಲದ ಅರಸನು ಸಾಗಣೆಯ ನಷ್ಟವನ್ನೆಲ್ಲ ತಾನೇ ಹೊತ್ತನು. ಕೊಳ್ಳುವವನ ಅಗತ್ಯ ಎಷ್ಟು ತೀವ್ರವೋ ಮಾರುವವನ ಹೊಣೆ ಅಷ್ಟು ಹಗುರ.

ಹಳ್ಳಿಯ ರೈತನಿಗೆ ಆ ಭಾಗ್ಯವಿರಲಿಲ್ಲ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಬಳಸಿದ ವಾಹನದ ವ್ಯಾಪಾರವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಎತ್ತಿನ ವಯಸ್ಸನ್ನು ಬಾಯಿ ತೆರೆಸಿ ಎಣಿಸುತ್ತಾರೆ. ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಆಮೇಲೆ ದಲ್ಲಾಳಿ ಟವೆಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಎತ್ತಿನ ಗುಣದೋಷ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಇಂದಿನ ಕಾರಿನ ವ್ಯಾಪಾರದಲ್ಲಿ ಇದು ತಲೆಕೆಳಗಾಗಿದೆ. ಬೆಲೆ ಗಾಜಿನ ಮೇಲೆ ಅಂಟಿಸಿರುತ್ತದೆ, ದೋಷ ಟವೆಲಿನ ಕೆಳಗಿರುತ್ತದೆ.

ಸ್ವಾತಂತ್ರ್ಯಾನಂತರದ ಕೆಲವು ದಶಕಗಳು ಈ ವ್ಯಾಪಾರದ ಇತಿಹಾಸದಲ್ಲಿ ವಿಚಿತ್ರವಾದ ಅಧ್ಯಾಯ. ಪರವಾನಗಿ ಪದ್ಧತಿಯ ಕಾಲದಲ್ಲಿ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳೇ ಕಾರಿನ ಮಾರುಕಟ್ಟೆ. ಹೆಸರು ನೋಂದಾಯಿಸಿ, ಮುಂಗಡ ಕಟ್ಟಿ, ವರ್ಷಗಟ್ಟಲೆ ಕಾಯಬೇಕಿತ್ತು. 1969ರಲ್ಲಿ ಕೇಂದ್ರ ಸರ್ಕಾರವೇ ಕಾರಿನ ಬೆಲೆಯನ್ನು ನಿಗದಿಪಡಿಸಿತು. ತಯಾರಕರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಹೊಸ ಕಾರಿನ ವಿಷಯದಲ್ಲಿ ಡೀಲರನೊಡನೆ ಚೌಕಾಸಿ ಮಾಡುವ ಮಾತೇ ಇರಲಿಲ್ಲ. ಆದ್ದರಿಂದ ಚೌಕಾಸಿ ಹಿಂಬಾಗಿಲಿಗೆ ಸರಿಯಿತು. ಸರದಿಯ ಚೀಟಿಯೇ ಮಾರಾಟದ ಸರಕಾಯಿತು. ಕಾರು ಕೈಗೆ ಬಂದವನು ಅದನ್ನು ಪ್ರೀಮಿಯಂ ಪಡೆದು ಮಾರಿದ್ದುಂಟು; ಆಗ ನಿನ್ನೆ ಬಳಸಿದ ಕಾರು ಇಂದಿನ ಹೊಸ ಕಾರಿಗಿಂತ ದುಬಾರಿ! 1983ರ ಡಿಸೆಂಬರ್ 14ರಂದು ಮಾರುತಿ 800 ರಸ್ತೆಗೆ ಬಂದಾಗಲೂ, ಸುಮಾರು ಐವತ್ತು ಸಾವಿರ ರೂಪಾಯಿಗಳ ಆ ಕಾರಿಗೆ ಸರದಿಯೂ ಪ್ರೀಮಿಯಮ್ಮೂ ತಪ್ಪಲಿಲ್ಲ.

ಆ ದಿನಗಳ ಪ್ರೀಮಿಯಂ ಕೊಟ್ಟವರಲ್ಲಿಯೂ ಪಡೆದವರಲ್ಲಿಯೂ ನಮ್ಮ ಸಮಾಜದ ಗೃಹಸ್ಥರು ಇರಲಿಲ್ಲವೆಂದು ಎದೆ ಮುಟ್ಟಿ ಹೇಳುವಂತಿಲ್ಲ. ರಸೀದಿಯಲ್ಲಿ ಒಂದು ಮೊತ್ತ, ಕೈಯಲ್ಲಿ ಇನ್ನೊಂದು ಮೊತ್ತ. ಕಟ್ಟಳೆಯೇ ಅವಿವೇಕದ್ದೆಂದೂ, ಅವಿವೇಕದ ಕಟ್ಟಳೆಯನ್ನು ಮೀರಿದರೆ ದೋಷವಿಲ್ಲವೆಂದೂ ಸಮಾಧಾನ ಹೇಳಿಕೊಂಡವರುಂಟು. ಕಟ್ಟಳೆ ಅವಿವೇಕದ್ದಾಗಿದ್ದಿರಬಹುದು, 1991ರ ಬಳಿಕ ಸರ್ಕಾರವೇ ಅದನ್ನು ಸಡಿಲಿಸುತ್ತ ಬಂದು 1993ರಲ್ಲಿ ಕಾರು ತಯಾರಿಕೆಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಆದರೆ ವಿಲೋಪವನ್ನು ಹೇಳಿದ ಆಚಾರ್ಯರು ಕಟ್ಟಳೆಯ ವಿವೇಕವನ್ನು ಅಳೆಯುವ ಕೆಲಸವನ್ನು ಲಾಭ ಪಡೆಯುವವನ ಕೈಗೇ ಕೊಟ್ಟಿಲ್ಲ.

ಪರವಾನಗಿ ಹೋಯಿತು, ಸರದಿ ಕರಗಿತು. ಹೊಸ ಕಾರಿನ ಮಳಿಗೆಯಲ್ಲಿ ರಿಯಾಯಿತಿ ಎಂಬ ಮಾತು ಕೇಳಿಬಂದಿತು. ಇಲ್ಲಿ ಚೌಕಾಸಿ ಮಾಡುವವನು ತಿಳಿಯಬೇಕಾದದ್ದು ಹೆಚ್ಚಿಲ್ಲ. ಕಾರಿನ ಮೂಲಬೆಲೆ, ಜಿ.ಎಸ್.ಟಿ., ಕರ್ನಾಟಕದ ಆಜೀವ ತೆರಿಗೆ ಇವುಗಳಲ್ಲಿ ಡೀಲರನ ಕೈಯಾಟಕ್ಕೆ ಅವಕಾಶ ಕಡಿಮೆ. ವಿಮೆ, ಅಲಂಕಾರದ ಸಾಮಗ್ರಿ, ಸಾಲ, ಹಳೆಯ ಕಾರಿನ ವಿನಿಮಯಬೆಲೆ ಇವುಗಳಲ್ಲಿ ಅವನ ಲಾಭ ಅಡಗಿರುತ್ತದೆ. ವಿಮೆಯನ್ನು ತನಗೆ ಬೇಕಾದ ಕಂಪನಿಯಿಂದ ಕೊಳ್ಳುವ ಸ್ವಾತಂತ್ರ್ಯ ಗ್ರಾಹಕನಿಗಿದೆ. ಒಂದು ಕಡೆ ರಿಯಾಯಿತಿ ಕೊಟ್ಟು ವಿನಿಮಯದಲ್ಲಿ ಅಷ್ಟನ್ನೂ ಕಸಿದುಕೊಳ್ಳುವುದು ಹಳೆಯ ಚಮತ್ಕಾರ. ಆದ್ದರಿಂದ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡು ಮಾತನಾಡುವುದು ಕ್ಷೇಮ.

ಹಾಗೆಂದು ಹೊಸದೆಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಗೋವಾದ ಗ್ರಾಹಕರೊಬ್ಬರು 2011ರಲ್ಲಿ ಹೊಸ ಮಾದರಿಯ ಕಾರಿಗೆ ಹಣ ಕೊಟ್ಟರು. ಸಿಕ್ಕಿದ್ದು 2009ರಲ್ಲಿ ತಯಾರಾಗಿ ಅಷ್ಟರಲ್ಲೇ 622 ಕಿಲೋಮೀಟರ್ ಓಡಿದ್ದ ಕಾರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರ ತೀರ್ಪಿನಲ್ಲಿ ನ್ಯಾಯಾಲಯವು ತಯಾರಕ ಕಂಪನಿಯನ್ನು ಹೊಣೆಯಿಂದ ಬಿಟ್ಟಿತು, ಡೀಲರನ ಹೊಣೆ ಉಳಿಯಿತು. ಹಳೆಯದನ್ನು ಹೊಸದರಂತೆ ತೋರಿಸಿ ಕೊಡುವುದಕ್ಕೆ ತತ್ತ್ವಾರ್ಥಸೂತ್ರದಲ್ಲಿ ಪ್ರತಿರೂಪಕವ್ಯವಹಾರವೆಂಬ ಹೆಸರು ಸಿದ್ಧವಾಗಿಯೇ ಇದೆ.

ಬಳಸಿದ ಕಾರಿನ ವಿಷಯಕ್ಕೆ ಬಂದರೆ ಪಾಶ್ಚಾತ್ಯ ಅರ್ಥಶಾಸ್ತ್ರವೂ ಇಲ್ಲಿ ನಿಂತು ಯೋಚಿಸಿದೆ. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಒಂದು ಪ್ರಬಂಧಕ್ಕೆ ಹಳೆಯ ಕಾರಿನ ಪೇಟೆಯೇ ವಸ್ತು. ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಆ ಬರಹದ ಬಲದಿಂದ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಅವರ ವಾದ ಸರಳ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ನಡುವಿನ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ, ಬೆಲೆ ಇನ್ನೂ ಇಳಿಯುತ್ತದೆ. ಒಬ್ಬನ ವಂಚನೆಯ ನಷ್ಟ ವಂಚಿತನಲ್ಲಿಗೆ ನಿಲ್ಲದೆ, ಪ್ರಾಮಾಣಿಕನಾಗಿ ಮಾರಲು ಬಂದವನನ್ನೂ ಪೇಟೆಯಿಂದ ಓಡಿಸುತ್ತದೆ.

ಆ ಪ್ರಬಂಧ ಬರೆಯುವ ಕಾಲದಲ್ಲಿ ಅಕರ್ಲಾಫ್ ಭಾರತದಲ್ಲಿಯೂ ಕೆಲವು ಕಾಲ ಇದ್ದರು. ತಮ್ಮ ವಾದಕ್ಕೆ ಅವರು ಇಲ್ಲಿನ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅಕ್ಕಿಯ ಬಣ್ಣದ, ಅಕ್ಕಿಯ ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿರುವುದರಿಂದ ಭಾರತದ ಗೃಹಿಣಿ ಪೇಟೆಯ ಅಕ್ಕಿಯನ್ನು ಆರಿಸಿಯೇ ಅಡುಗೆಗೆ ತೆಗೆದುಕೊಳ್ಳಬೇಕಾಗಿದೆ ಎಂಬುದು ಅದರ ಸಾರ. ಇದನ್ನು ಓದಿದ ಯಾವ ಶ್ರಾವಕನಿಗಾದರೂ ಸದೃಶಸನ್ಮಿಶ್ರವೆಂಬ ಶಬ್ದ ನೆನಪಾಗದೆ ಇರದು. ಸುಮಾರು ಸಾವಿರದ ಐನೂರು ವರ್ಷಗಳ ಅಂತರದಲ್ಲಿ ಒಬ್ಬರು ಪಾಪವೆಂದು ಕಂಡದ್ದನ್ನೇ ಇನ್ನೊಬ್ಬರು ಪೇಟೆಯ ರೋಗವೆಂದು ಕಂಡರು. ಮನೆಮನೆಯಲ್ಲಿ ಮೊರ ಹಿಡಿದು ಕಲ್ಲು ಆರಿಸಿದ ನಮ್ಮ ಅಜ್ಜಿಯಂದಿರು ತೆತ್ತ ಶ್ರಮದ ಲೆಕ್ಕವನ್ನು ಮಾತ್ರ ಇಬ್ಬರೂ ಬರೆದಿಲ್ಲ.

ಕಾರಿನಲ್ಲಿ ಬೆರೆಯುವ ಕಲ್ಲುಗಳು ಬೇರೆ ಬಗೆಯವು. ಓಡಿದ ದೂರದ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಹೀನಾಧಿಕವಿನಿಮಾನವಲ್ಲದೆ ಬೇರೇನು? ಸರ್ವಿಸ್ ಪುಸ್ತಕದಲ್ಲಿ ಇಲ್ಲದ ದುರಸ್ತಿಯನ್ನು ಬರೆಸುವುದು ಸತ್ಯಾಣುವ್ರತಕ್ಕೆ ಹೇಳಿದ ಕೂಟಲೇಖ. ಅಪಘಾತವಾದ ಬಾಗಿಲಿಗೆ ಬಣ್ಣ ಬಳಿದು ಮೂಲದ್ದೆಂದು ಹೇಳುವುದೂ, ನೀರಿನಲ್ಲಿ ಮುಳುಗಿದ ಕಾರನ್ನು ಒಣಗಿಸಿ ತೊಳೆದು ನಿಲ್ಲಿಸುವುದೂ ಸದೃಶಸನ್ಮಿಶ್ರ. 2022ರ ಮಳೆಯಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದವು. ಅಂದಿನಿಂದ ಜಾಣ ಗಿರಾಕಿಗಳು ಹೊರಮೈಯ ಹೊಳಪನ್ನು ಬಿಟ್ಟು, ನೆಲಹಾಸನ್ನೆತ್ತಿ ಕೆಸರಿನ ವಾಸನೆಯನ್ನೂ ಆಸನದ ಕಂಬಿಯ ತುಕ್ಕನ್ನೂ ಮೊದಲು ನೋಡುತ್ತಾರೆ. ಇದು ಎತ್ತಿನ ಹಲ್ಲೆಣಿಸುವ ವಿದ್ಯೆಯೇ.

ಕೊಳ್ಳುವವನೂ ಈ ಅತಿಚಾರಗಳಿಂದ ಹೊರಗಿಲ್ಲ. ಪೇಟೆಯ ಬೆಲೆಗಿಂತ ತೀರ ಅಗ್ಗವಾಗಿ, ಕಾಗದಪತ್ರ ನಾಳೆ ಬರುತ್ತದೆಂಬ ಮಾತಿನ ಮೇಲೆ ಸಿಕ್ಕುವ ಕಾರನ್ನು ಕಣ್ಣುಮುಚ್ಚಿ ಕೊಳ್ಳುವವನು ಕದ್ದ ಮಾಲಿಗೆ ಕೈಯೊಡ್ಡುವ ಚೌರಾರ್ಥಾದಾನದ ಅಂಚಿನಲ್ಲಿ ನಿಂತಿರುತ್ತಾನೆ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ಹೋಲಿಸಿ ನೋಡುವುದೂ, ಬ್ಯಾಂಕಿನ ಸಾಲ ತೀರಿದೆಯೇ ಎಂದು ವಿಚಾರಿಸುವುದೂ ಜಾಣತನ ಮಾತ್ರವಲ್ಲ, ವ್ರತಪಾಲನೆಯೂ ಹೌದು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಪ್ರಕರಣದಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೂ ಕೊಂಡವನು 30 ದಿನಗಳೊಳಗೂ ಸಾರಿಗೆ ಕಚೇರಿಗೆ ತಿಳಿಸಬೇಕು. ಇದನ್ನು ಅಲಕ್ಷಿಸಿದವರಿಗೆ 2018ರ ಸುಪ್ರೀಂ ಕೋರ್ಟಿನ ತೀರ್ಪೊಂದು ಎಚ್ಚರಿಕೆ. ಕಾರು ನಾಲ್ಕಾರು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ನೋಂದಣಿಯಲ್ಲಿ ಹೆಸರಿದ್ದವನೇ ಹೊಣೆಯಾದನು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಪ್ರಕಟಿಸಿ 2023ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮಗಳು, ಹಳೆಯ ಕಾರಿನ ಡೀಲರನೂ ಅಧಿಕಾರಪತ್ರ ಪಡೆಯಬೇಕೆಂದೂ, ಕಾರು ತನ್ನ ವಶಕ್ಕೆ ಬಂದದ್ದನ್ನು ತಿಳಿಸಬೇಕೆಂದೂ ವಿಧಿಸಿವೆ. ತನ್ನ ಹಳೆಯ ಕಾರನ್ನು ಡೀಲರನಿಗೆ ಒಪ್ಪಿಸುವವನು ಈ ಪತ್ರವನ್ನು ಕೇಳಿಯೇ ಕೀಲಿಕೈ ಕೊಡಬೇಕು.

ಹೆಚ್ಚು ಕಠಿಣವಾದ ಪ್ರಶ್ನೆ ಬೇರೆಯಿದೆ. ಮಾರುವ ಶ್ರಾವಕನು ಕೇಳದ ದೋಷವನ್ನೂ ತಾನಾಗಿ ಹೇಳಬೇಕೇ? ವ್ಯಾಪಾರದಲ್ಲಿ ಎಲ್ಲವನ್ನೂ ಹೇಳುತ್ತ ಕುಳಿತರೆ ಅಂಗಡಿ ಮುಚ್ಚಬೇಕಾದೀತೆಂಬ ಮಾತು ನಮ್ಮ ಹಿರಿಯ ವರ್ತಕರ ಬಾಯಲ್ಲೇ ಕೇಳಿಬರುತ್ತದೆ. ಕಾಣುವ ದೋಷದ ವಿಷಯದಲ್ಲಿ ಆ ಮಾತನ್ನು ಒಪ್ಪಬಹುದು. ಸವೆದ ಟಯರು ಎಲ್ಲರಿಗೂ ಕಾಣುತ್ತದೆ. ಬೆಲೆಯ ಕೊನೆಯ ಅಂಚನ್ನು ಹೇಳದಿರುವುದೂ ಸುಳ್ಳಲ್ಲ, ಅದು ಚೌಕಾಸಿಯ ಸ್ವಭಾವ. ಆದರೆ ಯಾರೂ ಕೇಳದಿರುವಾಗ, ಬೇರೊಬ್ಬರು ಇಷ್ಟಕ್ಕೆ ಕೇಳಿದ್ದಾರೆಂದು ಹೇಳುವುದು ಮೃಷಾವಾದ. ಬಿಚ್ಚದೆ ಕಾಣದ ದೋಷದ ಬಗೆಗೆ ಮೌನವಾಗಿರುವುದು, ಕಲ್ಲು ಬೆರೆತ ಅಕ್ಕಿಯನ್ನು ಮಾತಿಲ್ಲದೆ ಅಳೆದು ಕೊಟ್ಟಂತೆಯೇ. ಅಕ್ಕಿ ಮಾರುವವನು ಇದರಲ್ಲಿ ಕಲ್ಲಿಲ್ಲವೆಂದು ಬಾಯಿಬಿಟ್ಟು ಹೇಳಿದನೇ ಎಂದು ಆಚಾರ್ಯರು ಕೇಳಲಿಲ್ಲ. ಬೆರೆಸಿದ್ದೇ ದೋಷವಾಯಿತು.

ಬಸದಿಗಳ ಟ್ರಸ್ಟುಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಪಾಠಶಾಲೆಯ ಮಕ್ಕಳಿಗೋ ಯಾತ್ರಾರ್ಥಿಗಳ ಅನುಕೂಲಕ್ಕೋ ವ್ಯಾನ್ ಕೊಳ್ಳುವಾಗ, ದಾನಿಗಳ ಹಣದಿಂದ ಹೊಸದನ್ನು ಕೊಳ್ಳುವುದೋ ಹಳೆಯದನ್ನೋ ಎಂಬ ಚರ್ಚೆ ನಡೆಯುತ್ತದೆ. 2025ರ ಜನವರಿಯಿಂದ ಡೀಲರರು ಮಾರುವ ಹಳೆಯ ವಾಹನಗಳ ಮೇಲೆ ಅವರ ಲಾಭಾಂಶಕ್ಕೆ ಮಾತ್ರ ಶೇ. 18ರ ಜಿ.ಎಸ್.ಟಿ. ಬಂದಿದೆ; ಅದೇ ವರ್ಷದ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕು. ಹಿಂದಿನ ವರ್ಷದ ಬೆಲೆಯನ್ನು ತೋರಿಸುವ ಡೀಲರನಿಗೆ ಇದನ್ನು ನೆನಪಿಸಬೇಕಾಗುತ್ತದೆ. ಹೊಸದಾಗಲಿ ಹಳೆಯದಾಗಲಿ, ಚೌಕಾಸಿಗೆ ಕನಿಷ್ಠ ಇಬ್ಬರು ಪದಾಧಿಕಾರಿಗಳು ಹೋಗುವುದು, ನಂಬಿಕೆಯ ಮೆಕ್ಯಾನಿಕನ ಅಭಿಪ್ರಾಯವನ್ನು ಬರಹದಲ್ಲಿ ಪಡೆಯುವುದು, ದೊರೆತ ರಿಯಾಯಿತಿ ರಸೀದಿಯಲ್ಲೇ ಕಾಣುವಂತೆ ನೋಡಿಕೊಳ್ಳುವುದು ಒಳ್ಳೆಯ ರೂಢಿ. ವಾಹನ ಕೊಡಿಸಿದ್ದಕ್ಕಾಗಿ ಡೀಲರನು ಪದಾಧಿಕಾರಿಯೊಬ್ಬರಿಗೆ ಕೊಡುವ ಕಾಣಿಕೆ, ಅದು ಮ್ಯೂಸಿಕ್ ಸಿಸ್ಟಮ್ ಆಗಿರಲಿ ಬೆಳ್ಳಿಯ ದೀಪವಾಗಿರಲಿ, ದಾನಿಯ ಹಣದ್ದೇ ಒಂದು ತುಂಡು. ಅದು ಸೇರಬೇಕಾದದ್ದು ಬಸದಿಯ ಜಮಾ ಪುಸ್ತಕದಲ್ಲಿ, ವಾಹನದ ಖರ್ಚು ಬರೆದ ಅದೇ ಪುಟದಲ್ಲಿ.